ಯೋಕೈಗಳಿಂದ ಹೊಸ ಪಾತ್ರ ರೂಪಿಸುವ ಬಗೆ

ಜಪಾನಿನ ಜನಪದದ ಯೋಕೈಗಳನ್ನು, ಅಂದರೆ ಭೂತಗಳನ್ನೂ ವಿಚಿತ್ರ ಜೀವಿಗಳನ್ನೂ, ಆಧರಿಸಿ ಗೇಮ್‌ಗೋ ಆನಿಮೇಷನ್‌ಗೋ ಪಾತ್ರ ರೂಪಿಸುವವರು ಇಂದಿನ ಚಿತ್ರಗಳನ್ನು ಬದಿಗಿಟ್ಟು, ಚಿತ್ರಕಾರ ತೊರಿಯಾಮ ಸೆಕಿಯೆನ್ 1776ರಲ್ಲಿ ಪ್ರಕಟಿಸಿದ ‘ಗಝು ಹ್ಯಕ್ಕಿ ಯಗ್ಯೋ’ದಂತಹ ಹಳೆಯ ಚಿತ್ರಸಂಪುಟಗಳಿಂದ ಆರಂಭಿಸಬೇಕು, ನಕಲಿನ ನಕಲು ಮಾಡಿದಷ್ಟೂ ಪಾತ್ರದ ಕಸುವು ಕುಂದುತ್ತದೆ.

ರೂಪಕ್ಕಿಂತ ಮುಂಚೆ ಆ ಜೀವಿಯ ನಿಯಮವನ್ನು ಹಿಡಿಯಿರಿ. ಕಪ್ಪಾ ಎಂಬ ನದಿವಾಸಿಯ ನಡುನೆತ್ತಿಯಲ್ಲಿ ತಟ್ಟೆಯಂತಹ ತಗ್ಗಿದ್ದು, ಅದರಲ್ಲಿನ ನೀರೇ ಅದರ ಬಲ. ಎದುರಿನವರು ಬಾಗಿ ವಂದಿಸಿದರೆ ಅದು ಮರ್ಯಾದೆಗೆ ಕಟ್ಟುಬಿದ್ದು ತಾನೂ ಬಾಗುತ್ತದೆ, ನೀರು ಚೆಲ್ಲಿ ನಿತ್ರಾಣವಾಗುತ್ತದೆ. ಈ ಒಂದೇ ಗುಣದಿಂದ ಆಟದ ಸೋಲು-ಗೆಲುವಿನ ಸೂತ್ರ, ದೇಹಭಂಗಿ, ಹಾಸ್ಯ ಎಲ್ಲವನ್ನೂ ಹುಟ್ಟಿಸಬಹುದು. ಬೆನ್ನಿನ ಚಿಪ್ಪು, ಕೊಕ್ಕು, ಸೌತೆಕಾಯಿಯ ಮೋಹ ಆಮೇಲಿನ ಮಾತು. ನೆತ್ತಿಯ ನೀರು ಪ್ರತಿ ಹೆಜ್ಜೆಗೂ ತುಳುಕುವಂತೆ ಚಿತ್ರಿಸಿದರೆ, ಸಂಭಾಷಣೆಯಿಲ್ಲದೆಯೇ ನೋಡುಗರಿಗೆ ಅಪಾಯ ತಿಳಿಯುತ್ತದೆ.

ವಸ್ತುವಿನ್ಯಾಸಕರಿಗೆ ತ್ಸುಕುಮೊಗಾಮಿಗಳೇ ಹೆಚ್ಚು ಒದಗುತ್ತವೆ ಎಂಬುದು ನನ್ನ ಅಭಿಪ್ರಾಯ. ನೂರು ವರ್ಷ ಬಾಳಿದ ಪಾತ್ರೆ-ಪರಿಕರಗಳಿಗೆ ಜೀವ ಬರುತ್ತದೆಂಬ ನಂಬಿಕೆಯಿಂದ ಬಂದ ಇವುಗಳನ್ನು ರೂಪಿಸುವಾಗ, ಒಂಟಿಗಣ್ಣಿನ ಕೊಡೆಭೂತದಲ್ಲಿ ಹಿಡಿಯ ಜಾಗದಲ್ಲೇ ಒಂಟಿಕಾಲು ಇರುವಂತೆ, ವಸ್ತುವಿನ ಭಾಗಗಳನ್ನೇ ಅಂಗಗಳಾಗಿಸಿ. ಸವೆತವನ್ನೂ ತೇಪೆಗಳನ್ನೂ ಅಳಿಸದೆ ಉಳಿಸಿಕೊಳ್ಳಿ, ಏಕೆಂದರೆ ಬಳಸಿ ಎಸೆದ ವಸ್ತುವಿನ ಮುನಿಸು ಕಾಣುವುದು ಅಲ್ಲಿಯೇ.