ಹೆಬ್ಬಾರರ ಸಿಂಹಾವಲೋಕನ ಪ್ರದರ್ಶನ: ಮೊದಲು ಕಾಗದ, ಆಮೇಲೆ ಕ್ಯಾನ್ವಾಸ್

ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ (1911–1996) ಸಿಂಹಾವಲೋಕನ ಪ್ರದರ್ಶನ, ಅಂದರೆ ಜೀವಮಾನದ ಕೃತಿಗಳನ್ನು ಒಟ್ಟಿಗೆ ತೋರಿಸುವ ಪ್ರದರ್ಶನ, ಎಂದ ಕೂಡಲೇ ದೊಡ್ಡ ತೈಲಚಿತ್ರಗಳಿಗೆ ಗೋಡೆ ಹುಡುಕಲು ಹೊರಡುವವರೇ ಹೆಚ್ಚು. ಎಡವಟ್ಟಾಗುವುದು ಅಲ್ಲೇ. ಲಯ ಅರಿಯಲೆಂದು ಕಥಕ್ ಕಲಿತವರು ಹೆಬ್ಬಾರರು. ಅವರ ಜೀವಾಳ ರೇಖೆ. ಆ ರೇಖಾಚಿತ್ರಗಳಿರುವುದು ಕಾಗದದ ಮೇಲೆ, ಕಾಗದಕ್ಕೋ ಬೆಳಕು ಆಗಿಬರುವುದಿಲ್ಲ. ಹಾಗಾಗಿ ಕಾಗದದ ಕೋಣೆ ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ಉಳಿದ ಗೋಡೆಗಳನ್ನು ಕ್ಯಾನ್ವಾಸ್‌ಗೆ ಬಿಡಿ.

ಜಲವರ್ಣಕ್ಕೂ ರೇಖಾಚಿತ್ರಕ್ಕೂ 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಸಾಕು, ತೈಲಚಿತ್ರಕ್ಕೆ 150ರಿಂದ 200. ಎರಡನ್ನೂ ಒಂದೇ ಹಾಲ್‌ನಲ್ಲಿ ಹಾಕಿದರೆ ತೈಲಚಿತ್ರದ ಬೆಳಕಿಗೆ ಒಗ್ಗಿದ ಕಣ್ಣಿಗೆ ರೇಖೆ ಕಾಣುವುದಿಲ್ಲ. ನೋಡುಗರು ಗೊಣಗುತ್ತಾರೆ, ಯಾರೋ ಡಿಮ್ಮರ್ ತಿರುಗಿಸುತ್ತಾರೆ, ಕಾಗದ ಬಿಸಿಲಿಗೆ ಬಿದ್ದ ಹಾಗಾಗುತ್ತದೆ. ಕಾಗದದ ಕೋಣೆ ಒಳಗಿರಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ 100 ಲಕ್ಸ್‌ನಷ್ಟು ಬೆಳಕಿಟ್ಟರೆ ಕಣ್ಣು ನಿಧಾನವಾಗಿ ಹೊಂದಿಕೊಳ್ಳುತ್ತದೆ. ಲಕ್ಸ್ ಮೀಟರನ್ನು ಚಿತ್ರದ ಮೇಲ್ಮೈಗೆ ಸಮಾನಾಂತರವಾಗಿ ಹಿಡಿದು ನಡುವೆಯೂ ನಾಲ್ಕು ಮೂಲೆಗಳಲ್ಲೂ ಅಳೆಯಿರಿ. ಮೊಬೈಲ್ ಆ್ಯಪ್ ನಂಬಬೇಡಿ. ಕಾಗದದ ಚಿತ್ರ ಗೋಡೆಯ ಮೇಲೆ ಮೂರು ತಿಂಗಳಿಗಿಂತ ಹೆಚ್ಚು ಇರಬಾರದು. ಪ್ರದರ್ಶನ ಅದಕ್ಕಿಂತ ಉದ್ದವಾದರೆ ನಡುವೆ ಬೇರೆ ಚಿತ್ರ ಹಾಕಬೇಕು.

ಚಿತ್ರ ಎರವಲು ಕೇಳುವ ಪತ್ರಗಳು ಒಂಬತ್ತು ತಿಂಗಳು ಮೊದಲೇ ಹೋಗಲಿ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಂಥ ಸರ್ಕಾರಿ ಸಂಗ್ರಹಗಳಿಂದ ಅನುಮತಿ ಬರುವ ಹೊತ್ತಿಗೆ ಋತುವೇ ಬದಲಾಗಿರುತ್ತದೆ! ವಿಮೆ ಮಾಲೀಕರ ಗೋಡೆಯಿಂದ ಇಳಿದ ಕ್ಷಣದಿಂದ ಮತ್ತೆ ಅದೇ ಗೋಡೆ ಸೇರುವವರೆಗೂ ಇರಬೇಕು, ಬರೀ ಲಾರಿಯಲ್ಲಿರುವಷ್ಟು ಹೊತ್ತಿಗಲ್ಲ. ಕ್ಯಾಟಲಾಗ್‌ನಲ್ಲಿ ಚಿತ್ರ ಅಚ್ಚುಹಾಕಲು ಮಾಲೀಕರ ಒಪ್ಪಿಗೆಯೊಂದೇ ಸಾಲದು. ಚಿತ್ರ ಕೊಂಡವರಿಗೆ ಹಕ್ಕುಸ್ವಾಮ್ಯ ತಾನಾಗಿ ಬರುವುದಿಲ್ಲ. ಬರೆದು ಬೇರೆಯವರಿಗೆ ಕೊಟ್ಟಿಲ್ಲದಿದ್ದರೆ ಅದು ಕಲಾವಿದರ ವಾರಸುದಾರರದ್ದು. ನಮ್ಮ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಲೆಕ್ಕ, ಅಂದರೆ ಹೆಬ್ಬಾರರ ಕೃತಿಗಳಿಗೆ 2056ರ ಕೊನೆಯವರೆಗೆ.

ಚಿತ್ರ ಕೈಗೆ ಬಂದಾಗಲೇ ಅದರ ಸ್ಥಿತಿ ದಾಖಲಿಸಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಬಣ್ಣ ಎದ್ದಿರುವುದು, ಬಿರುಕು, ಕ್ಯಾನ್ವಾಸ್ ಸಡಿಲಾಗಿರುವುದು ಎಲ್ಲ ಕಾಣುತ್ತದೆ. ಹಿಂಬದಿಯ ಫೋಟೊ ಮರೆಯಬೇಡಿ, ಹಳೆಯ ಲೇಬಲ್‌ಗಳಿರುವುದು ಅಲ್ಲೇ. ಬಬಲ್ ರ‍್ಯಾಪ್ ನೇರವಾಗಿ ಬಣ್ಣಕ್ಕೆ ತಾಗಿದರೆ ಸೆಖೆಗೆ ಗುಳ್ಳೆಗಳ ಅಚ್ಚು ಬೀಳುತ್ತದೆ, ಅದರಲ್ಲೂ ಬಣ್ಣ ದಪ್ಪಗೆ ಹಚ್ಚಿದ ಕಡೆ. ಮೊದಲು ಆಮ್ಲರಹಿತ ಟಿಶ್ಯೂ ಸುತ್ತಿ, ಗುಳ್ಳೆಯನ್ನು ಹೊರಮುಖ ಮಾಡಿ. ಸಾಗಿಸುವಾಗ ಗಾಜಿನ ಮೇಲೆ ಟೇಪನ್ನು ಜಾಲದ ಹಾಗೆ ಅಂಟಿಸಿ, ಒಡೆದರೂ ಚೂರು ಚಿತ್ರಕ್ಕೆ ಬೀಳದು. ಅಕ್ರಿಲಿಕ್‌ಗೆ ಟೇಪ್ ಬೇಡ. ಇದ್ದಿಲು, ಪೇಸ್ಟಲ್ ಚಿತ್ರಗಳಿಗಂತೂ ಅಕ್ರಿಲಿಕ್ಕೇ ಬೇಡ. ಉಜ್ಜಿದರೆ ಹುಟ್ಟುವ ಸ್ಥಾಯಿ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ಗೋಡೆಯ ಲೆಕ್ಕ ಕಾಗದದ ಮೇಲೇ ಆಗಲಿ. ಸರಾಸರಿ 90 ಸೆಂ.ಮೀ. ಅಗಲದ 40 ಚಿತ್ರ, ಒಂದೊಂದರ ನಡುವೆ 60 ಸೆಂ.ಮೀ. ಅಂತರ ಎಂದರೆ 60 ಮೀಟರ್ ಗೋಡೆ ಬೇಕು. ಚಿತ್ರದ ಮಧ್ಯಬಿಂದು ನೆಲದಿಂದ 148 ಸೆಂ.ಮೀ.ಗೆ ಬರಲಿ. ಮೊಳೆಯ ಎತ್ತರಕ್ಕೆ ಸೂತ್ರ ಸುಲಭ: 148ಕ್ಕೆ ಚೌಕಟ್ಟಿನ ಅರ್ಧ ಎತ್ತರ ಕೂಡಿಸಿ, ಮೇಲಂಚಿನಿಂದ ಚೌಕಟ್ಟಿನ ಹಿಂಬದಿಯ ತೂಗುವ ರಿಂಗ್‌ವರೆಗಿನ ದೂರ ಕಳೆಯಿರಿ. ಚೌಕಟ್ಟು 90 ಸೆಂ.ಮೀ. ಎತ್ತರ, ರಿಂಗ್ 12 ಸೆಂ.ಮೀ. ಕೆಳಗಿದ್ದರೆ 148+45−12, ಮೊಳೆ 181ಕ್ಕೆ. ಒಂದೇ ತಂತಿಗೆ ತೂಗಿದ ಚಿತ್ರ ನಾಲ್ಕು ದಿನಕ್ಕೆ ವಾಲುತ್ತದೆ. ಎರಡು ಡಿ-ರಿಂಗ್, ಎರಡು ಮೊಳೆ ಹಾಕಿ. ಹಾಸುಗಲ್ಲಿನ ನೆಲ ಮಟ್ಟವಿರುವುದು ಅಪರೂಪ, ಆದ್ದರಿಂದ ಪ್ರತಿ ಚಿತ್ರಕ್ಕೂ ನೆಲದಿಂದ ಅಳೆಯದೆ ಲೇಸರ್ ಗೆರೆ ಹಾಕಿಕೊಳ್ಳಿ.

ಪೆಟ್ಟಿಗೆಗಳು ಬಂದ ಮೇಲೆ 24 ಗಂಟೆ ಹಾಲ್‌ನಲ್ಲೇ ಮುಚ್ಚಿಟ್ಟಿರಿ, ಎಸಿ ಓಡುತ್ತಿರಲಿ. ಮಳೆಗಾಲದಲ್ಲಿ ಕೂಡಲೇ ಬಿಚ್ಚಿದರೆ ಹೊರಗಿನ ತೇವದ ಗಾಳಿಗೆ ಒಗ್ಗಿದ ಕಾಗದ ಸರ್ರನೆ ಒಣಗಿ ಮೌಂಟ್‌ನೊಳಗೇ (ಚಿತ್ರದ ಸುತ್ತಲಿನ ರಟ್ಟಿನೊಳಗೇ) ಅಲೆಅಲೆಯಾಗಿ ಸುರುಟುತ್ತದೆ. ಚಿತ್ರ ಇಳಿಸುವ ದಿನ ಅದೇ ದಾಖಲೆ, ಅದೇ ಟಾರ್ಚ್. ಮಾಲೀಕರ ಕಡೆಯವರ ಸಹಿ ಬಿದ್ದ ಮೇಲಷ್ಟೇ ಪೆಟ್ಟಿಗೆಯ ಸ್ಕ್ರೂ ಬಿಗಿಸಿ.