ಕಾಣಬಾರದ ಬಟ್ಟೆಯ ಫೋಟೊ

ಅಮೆರಿಕದ ಆರ್ಕನ್ಸಾದಲ್ಲಿ, ಸ್ಟಟ್‌ಗಾರ್ಟ್ ಸುತ್ತಲಿನ ತಗ್ಗು ಕಾಡುಗಳಲ್ಲಿ ಚಳಿಗಾಲಕ್ಕೆ ನೀರು ನಿಲ್ಲುತ್ತದೆ. ಕೆಲವೆಡೆ ಹೊಳೆ ಉಕ್ಕಿ ಬಂದ ನೀರು, ಕೆಲವೆಡೆ ಗೇಟು ಹಾಕಿ ನಿಲ್ಲಿಸಿದ್ದು. ಓಕ್ ಕಾಯಿ ತಿನ್ನಲು ಮಲಾರ್ಡ್ ಬಾತುಗಳು ಮರಗಳ ನಡುವೆಯೇ ಇಳಿಯುತ್ತವೆ. ಬೇಟೆಗಾರರು ತೊಡೆಮಟ್ಟದ ನೀರಲ್ಲಿ ಮರಕ್ಕೆ ಒರಗಿ ಕಾಯುತ್ತಾರೆ. ಅಲ್ಲಿ ಲೈಸೆನ್ಸು, ಸೀಸನ್ನು, ದಿನಕ್ಕಿಷ್ಟೇ ಹಕ್ಕಿ ಎಂಬ ಲೆಕ್ಕ ಎಲ್ಲ ಉಂಟು. ನನ್ನ ಕೈಯಲ್ಲಿರುವುದು ಕ್ಯಾಮೆರಾ ಮಾತ್ರ. ಕಾಡಿನಲ್ಲಿ ಬೆರೆತು ಮರೆಯಾಗಲು ಅವರು ತೊಡುವ ಕ್ಯಾಮೊ ಬಟ್ಟೆಯ ಚಿತ್ರ ತೆಗೆಯುವುದು ನನ್ನ ಕೆಲಸ.

ಬಟ್ಟೆ ಕಾಣಬೇಕು, ತೊಟ್ಟವನು ಕಾಣಬಾರದು. ಅದಕ್ಕೇ ಪ್ರತಿ ಜಾಕೆಟ್ಟಿಗೂ ಎರಡು ಚಿತ್ರ: ಒಂದು ಹತ್ತಿರದಿಂದ, ಇನ್ನೊಂದು ಮೂವತ್ತು ಹೆಜ್ಜೆ ದೂರದಿಂದ. ದೂರದ್ದನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ಬಂಡವಾಳ ಬಯಲು. ಎಲೆಯ ಒಂದೊಂದು ನರವನ್ನೂ ಅಚ್ಚು ಹಾಕಿದ ಬಟ್ಟೆ ಹತ್ತಿರಕ್ಕೆ ಚೆಂದ. ದೂರಕ್ಕೆ ಎಲ್ಲ ಕಲಸಿಹೋಗಿ ಮನುಷ್ಯಾಕಾರದ ಒಂದೇ ಕಪ್ಪು ಮುದ್ದೆ. 1986ರಷ್ಟು ಹಿಂದೆ ಬಂದ ಮಾಸಿ ಓಕ್ ಎಂಬ ಕ್ಯಾಮೊ ಕಂಪನಿಯ ಬಾಟಮ್‌ಲ್ಯಾಂಡ್ ವಿನ್ಯಾಸದಲ್ಲಿ ಮಣ್ಣು, ತೊಗಟೆಯ ದೊಡ್ಡ ಪಟ್ಟೆಗಳಿವೆ. ಬೂದು ಕಾಂಡಗಳ ನಡುವೆ ಇವತ್ತಿಗೂ ಅದೇ ನನ್ನ ಮೆಚ್ಚಿನದು.

ಟ್ರೈಪಾಡ್ ಕೆಸರಲ್ಲಿ ಹೂತುಹೋಗುತ್ತದೆ, ಹಾಗಾಗಿ ನಾನೂ ಮರಕ್ಕೇ ಒರಗುತ್ತೇನೆ. ಕೊಂಬೆಗಳ ಸಂದಿನ ಬಿಳಿ ಆಕಾಶ ಕ್ಯಾಮೆರಾದ ಬೆಳಕು ಅಳೆಯುವ ಮೀಟರನ್ನು ದಾರಿ ತಪ್ಪಿಸುತ್ತದೆ. ಹಾಗಾಗಿ ತೊಗಟೆಗೆ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡುವುದು. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಟ್ಟರೆ ಒಂದೇ ಜಾಕೆಟ್ಟು ಫ್ರೇಮಿನಿಂದ ಫ್ರೇಮಿಗೆ ಬಣ್ಣ ಬದಲಿಸೀತು. ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಫಿಲ್ಟರು ಒದ್ದೆ ಬಟ್ಟೆಯ ಹೊಳಪನ್ನು ತೆಗೆಯುತ್ತದೆ, ಆದರೆ ಪೂರ್ತಿ ತಿರುಗಿಸಿದರೆ ನೀರಿನ ಬೆಳಕೂ ಹೋಗಿ ಕಾಡು ಸತ್ತಂತೆ ಕಾಣುತ್ತದೆ. ಅರ್ಧಕ್ಕೆ ನಿಲ್ಲಿಸುತ್ತೇನೆ.

ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಗುಟ್ಟು ಬಿಟ್ಟುಕೊಡುವುದು ಮುಖ. ಬಾತು ಮೇಲೆ ಸುತ್ತುವಾಗ ಬೇಟೆಗಾರ ಕತ್ತೆತ್ತುತ್ತಾನೆ, ಕೆನ್ನೆ ಮಿಂಚುತ್ತದೆ. ಮರದ ನೆರಳಿನ ಬದಿಗೆ ಸರಿದು ಟೋಪಿಯ ಅಂಚಿನಡಿಯಿಂದ ನೋಡಿ ಎನ್ನುತ್ತೇನೆ. ಜಾಕೆಟ್ಟಿಗಿಂತ ಆ ನೆರಳೇ ಹೆಚ್ಚು ಮರೆಮಾಡುತ್ತದೆ. ಬಟ್ಟೆ ಮಾರುವವರಿಗೆ ಈ ಮಾತು ಅಷ್ಟು ರುಚಿಸದು.

ಇನ್ನೊಂದು ವಿಷಯ: ಬಾತಿನ ಕಣ್ಣು ನೇರಳಾತೀತ ಕಿರಣಗಳನ್ನೂ ಹಿಡಿಯುತ್ತದೆ, ನಮ್ಮ ಸಾಮಾನ್ಯ ಕ್ಯಾಮೆರಾ ಹಿಡಿಯುವುದಿಲ್ಲ. ಬಟ್ಟೆ ಬೆಳ್ಳಗಾಗಿಸುವ ರಾಸಾಯನಿಕವಿರುವ ಪುಡಿಯಲ್ಲಿ ಒಗೆದ ಕ್ಯಾಮೊ ಫೋಟೊದಲ್ಲಿ ಎಂದಿನಂತೆಯೇ ಇದ್ದು, ಹಕ್ಕಿಯ ಕಣ್ಣಿಗೆ ಬೇರೆಯೇ ಕಂಡೀತು. ಹಾಗಾಗಿ ನನ್ನ ಚಿತ್ರದಲ್ಲಿ ಕಾಡಿನಲ್ಲಿ ಬೆರೆತುಹೋದ ಜಾಕೆಟ್ಟು ಬಾತಿಗೂ ಕಾಣುವುದಿಲ್ಲವೆಂದು ನಾನು ಯಾರಿಗೂ ಬರೆದುಕೊಡುವುದಿಲ್ಲ.