ಪ್ರೊಲ್ಯಾಕ್ಟಿನ್ ಹೆಚ್ಚಿದೆ ಎಂದು ರಿಪೋರ್ಟ್ ಬಂದರೆ: ಮಾತ್ರೆ ಶುರು ಮಾಡುವ ಮೊದಲು

ಮುಟ್ಟು ತಪ್ಪುತ್ತಿದೆ, ಮಗು ನಿಲ್ಲುತ್ತಿಲ್ಲ, ಹಾಲೂಡಿಸುವ ಮಗು ಇಲ್ಲದಿದ್ದರೂ ಸ್ತನದಿಂದ ಹಾಲು ಒಸರುತ್ತಿದೆ. ಇವುಗಳಲ್ಲಿ ಯಾವುದಕ್ಕೆ ಡಾಕ್ಟರ ಬಳಿ ಹೋದರೂ ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಪ್ರೊಲ್ಯಾಕ್ಟಿನ್ ಇದ್ದೇ ಇರುತ್ತದೆ. ರಿಪೋರ್ಟಿನಲ್ಲಿ ಅಂಕಿ ಸ್ವಲ್ಪ ಮೇಲಿದ್ದರೆ ಸಾಕು, ಮನೆಮಂದಿಗೆಲ್ಲ ‘ತಲೆಯಲ್ಲಿ ಗಡ್ಡೆ’ ಎಂಬ ಭಯ ಹತ್ತಿಕೊಳ್ಳುತ್ತದೆ. ಎಷ್ಟೋ ಸಲ ಅದೇ ದಿನ ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೊಲಿನ್ ಮಾತ್ರೆಯೂ ಶುರುವಾಗಿಬಿಡುತ್ತದೆ. ಎರಡೂ ಅವಸರವೇ. ಪ್ರೊಲ್ಯಾಕ್ಟಿನ್ ಹೆಚ್ಚುವುದು ತಾನೇ ಒಂದು ಕಾಯಿಲೆಯಲ್ಲ. ಯಾಕೆ ಹೆಚ್ಚಿತು ಎಂದು ಹುಡುಕಿದ ಮೇಲೆಯೇ ಮದ್ದಿನ ಮಾತು.

ಪ್ರೊಲ್ಯಾಕ್ಟಿನ್ ಎಂಬುದು ಮೆದುಳಿನ ಬುಡದಲ್ಲಿರುವ, ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯ ಮುಂಭಾಗದಲ್ಲಿ ತಯಾರಾಗುವ ಹಾರ್ಮೋನು. ಪಿಟ್ಯುಟರಿಯ ಬೇರೆ ಹಾರ್ಮೋನುಗಳಿಗೆ ಮೇಲಿನಿಂದ ‘ಬಿಡು’ ಎಂಬ ಸೂಚನೆ ಬೇಕು. ಪ್ರೊಲ್ಯಾಕ್ಟಿನ್‌ಗೆ ಮುಖ್ಯವಾಗಿ ಬರುವುದು ‘ಬಿಡಬೇಡ’ ಎಂಬ ಸೂಚನೆ. ಪಿಟ್ಯುಟರಿಯ ಮೇಲಿರುವ ಮೆದುಳಿನ ಭಾಗವಾದ ಹೈಪೋಥಲಮಸ್‌ನಿಂದ ಹರಿದುಬರುವ ಡೋಪಮಿನ್ ಎಂಬ ರಾಸಾಯನಿಕ ಅದನ್ನು ಸದಾ ತಡೆದು ಹಿಡಿದಿರುತ್ತದೆ. ಡೋಪಮಿನ್ ಕಡಿಮೆಯಾದರೆ, ಅದರ ದಾರಿ ಮುಚ್ಚಿದರೆ, ಅಥವಾ ಅದರ ಕೆಲಸಕ್ಕೆ ಯಾವುದಾದರೂ ಔಷಧಿ ಅಡ್ಡ ಬಂದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಮುಂದೆ ಬರುವ ಕಾರಣಗಳಲ್ಲಿ ಬಹುಪಾಲು ಈ ಒಂದು ಮಾತಿನಿಂದಲೇ ಅರ್ಥವಾಗುತ್ತವೆ.

ಬಸಿರಿನಲ್ಲಿ ಸ್ತನವನ್ನು ಹಾಲಿಗೆ ಸಜ್ಜುಗೊಳಿಸುವುದು, ಹೆರಿಗೆಯಾದ ಮೇಲೆ ಹಾಲು ಉತ್ಪಾದಿಸುವುದು ಇದರ ಮುಖ್ಯ ಕೆಲಸ. ಜೊತೆಗೇ ಹೈಪೋಥಲಮಸ್ ಮಟ್ಟದಲ್ಲಿ ಸಂತಾನ ಹಾರ್ಮೋನುಗಳ ಮಿಡಿತವನ್ನು ಕುಗ್ಗಿಸುತ್ತದೆ. ಆಗ ಪಿಟ್ಯುಟರಿಯಿಂದ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಸಂತಾನ ಹಾರ್ಮೋನುಗಳು ಸಾಕಷ್ಟು ಬರುವುದಿಲ್ಲ, ಅಂಡ ಬಿಡುಗಡೆಯಾಗುವುದಿಲ್ಲ. ಹಾಲೂಡಿಸುವ ತಾಯಿಗೆ ಮುಟ್ಟು ತಡವಾಗಿ ಬರುವುದು ಇದರಿಂದಲೇ. ಬಾಣಂತಿಯಲ್ಲಿ ಇದು ಸಹಜ, ಬೇರೆ ಹೊತ್ತಿನಲ್ಲಿ ತೊಂದರೆ: ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಇಳಿದು ಲೈಂಗಿಕ ಆಸಕ್ತಿ ಕುಗ್ಗುತ್ತದೆ, ನಿಮಿರುವಿಕೆ ಸಾಲದಾಗುತ್ತದೆ, ವೀರ್ಯಾಣು ಕಡಿಮೆಯಾಗಬಹುದು. ಮುಟ್ಟಿನಂಥ ತಿಂಗಳ ಎಚ್ಚರಿಕೆ ಗಂಡಸರಿಗಿಲ್ಲ, ಹೇಳಿಕೊಳ್ಳಲು ಸಂಕೋಚ ಬೇರೆ. ಹಾಗಾಗಿ ಅವರಲ್ಲಿ ಗಡ್ಡೆ ಪತ್ತೆಯಾಗುವ ಹೊತ್ತಿಗೆ ದೊಡ್ಡದಾಗಿರುವುದೇ ಹೆಚ್ಚು.

ರಕ್ತ ಕೊಡುವ ದಿನ

ಮುಟ್ಟು ತಪ್ಪಿದ್ದರೆ ಮೊದಲು ಮೂತ್ರದ ಗರ್ಭ ಪರೀಕ್ಷೆ ಮಾಡಿ. ಬಸಿರಿನಲ್ಲಿ ಪ್ರೊಲ್ಯಾಕ್ಟಿನ್ ತಿಂಗಳಿಂದ ತಿಂಗಳಿಗೆ ಏರುತ್ತ ಹೋಗುತ್ತದೆ, ದಿನ ತುಂಬುವ ಹೊತ್ತಿಗೆ ಮಾಮೂಲಿನ ಹತ್ತು ಪಟ್ಟು ಆಗಬಹುದು. ಬಸಿರು ಎಂದು ಗೊತ್ತಾಗದೆ ಪ್ರೊಲ್ಯಾಕ್ಟಿನ್ ಬೆನ್ನು ಹತ್ತುವುದು ಆಗಾಗ ಆಗುವ ಎಡವಟ್ಟು.

ಈ ಹಾರ್ಮೋನು ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ನಿದ್ದೆಯಲ್ಲಿ ಏರುತ್ತದೆ, ಎದ್ದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಐದೂವರೆಗೆ ಎದ್ದು ಆರೂವರೆಗೆ ಲ್ಯಾಬಿನಲ್ಲಿ ತೋಳು ಚಾಚಿದರೆ ನಿದ್ದೆಯ ಏರಿಕೆಯೇ ರಿಪೋರ್ಟಿಗೆ ಬರುತ್ತದೆ. ಎದ್ದು ಎರಡರಿಂದ ಮೂರು ಗಂಟೆ ಕಳೆದ ಮೇಲೆ ರಕ್ತ ಕೊಡಿ. ಆರಕ್ಕೆ ಎದ್ದವರಿಗೆ ಎಂಟೂವರೆಯಿಂದ ಹತ್ತರೊಳಗೆ ಸರಿಯಾದ ಹೊತ್ತು. ಖಾಲಿ ಹೊಟ್ಟೆ ಕಡ್ಡಾಯವಲ್ಲ, ಭಾರಿ ಊಟ ಬೇಡ ಅಷ್ಟೆ. ಹಿಂದಿನ ರಾತ್ರಿ ಸಂಭೋಗ, ಆ ಬೆಳಿಗ್ಗೆ ಓಟ ಅಥವಾ ಜಿಮ್ ಬೇಡ. ಹಾಲು ಬರುತ್ತಿದೆಯೇ ಎಂದು ಮೊಲೆತೊಟ್ಟನ್ನು ಹಿಂಡಿ ನೋಡುವುದನ್ನು ಪೂರ್ತಿ ನಿಲ್ಲಿಸಿ. ಆತಂಕದಿಂದ ದಿನಾ ಹಿಂಡಿ ನೋಡುವವರಲ್ಲಿ ಆ ಹಿಂಡುವಿಕೆಯೇ ಪ್ರೊಲ್ಯಾಕ್ಟಿನ್ ಇಳಿಯದಂತೆ ನೋಡಿಕೊಳ್ಳುತ್ತದೆ. ಡಾಕ್ಟರು ಸ್ತನ ಪರೀಕ್ಷೆ ಮಾಡುವುದಿದ್ದರೆ ರಕ್ತ ಕೊಟ್ಟ ಮೇಲೆ ಮಾಡಿಸಿಕೊಳ್ಳಿ.

ಲ್ಯಾಬಿಗೆ ಹೋದ ಕೂಡಲೇ ಸೂಜಿ ಬೇಡ. ಇಪ್ಪತ್ತು–ಮೂವತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬಸ್ಸಿಗೆ ಓಡಿದ ಆಯಾಸ, ಸೂಜಿಯ ಹೆದರಿಕೆ, ನರ ಸಿಗದೆ ನಾಲ್ಕು ಸಲ ಚುಚ್ಚಿಸಿಕೊಂಡದ್ದು, ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಪ್ರೊಲ್ಯಾಕ್ಟಿನ್ ಮತ್ತು ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ಎರಡನ್ನೂ ಸುಳ್ಳಾಗಿ ಕಡಿಮೆ ತೋರಿಸುತ್ತದೆ.

ಬಸಿರಿಲ್ಲದ ಹೆಂಗಸರಲ್ಲಿ ಸುಮಾರು 25 ನ್ಯಾನೋಗ್ರಾಂ/ಮಿ.ಲೀ. ತನಕ, ಗಂಡಸರಲ್ಲಿ 15ರಿಂದ 20ರ ತನಕ ಸಾಮಾನ್ಯ. ಲ್ಯಾಬಿನಿಂದ ಲ್ಯಾಬಿಗೆ ಗಡಿ ಸ್ವಲ್ಪ ಬದಲಾಗುತ್ತದೆ. ಕೆಲವು ಲ್ಯಾಬುಗಳು ಇದನ್ನೇ ಮಿಲಿ ಅಂತರರಾಷ್ಟ್ರೀಯ ಯೂನಿಟ್/ಲೀಟರ್ ಲೆಕ್ಕದಲ್ಲಿ ಕೊಡುತ್ತವೆ. ಒಂದು ನ್ಯಾನೋಗ್ರಾಂ ಎಂದರೆ ಅಲ್ಲಿ ಸುಮಾರು 21, ಹಾಗಾಗಿ 25 ಅಲ್ಲಿ 530ರ ಆಸುಪಾಸು. ‘25 ಇದ್ದದ್ದು 500 ಆಯಿತು’ ಎಂದು ಗಾಬರಿಯಾಗುವ ಮೊದಲು ಅಂಕಿಯ ಪಕ್ಕದ ಯೂನಿಟ್ ಓದಿ. ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿದರೆ ಈ ತಲೆನೋವೇ ಇಲ್ಲ. ಮೊದಲ ಸಲ 30, 40, 50 ಎಂದು ಬಂದಿದ್ದರೆ ಮೇಲಿನ ಎಲ್ಲ ಎಚ್ಚರದೊಂದಿಗೆ ಮತ್ತೊಮ್ಮೆ ಮಾಡಿಸಿ. ಎರಡನೇ ಸಲ ಸಾಮಾನ್ಯ ಬಂದು ಅಲ್ಲಿಗೇ ಮುಗಿದುಹೋಗುವವರು ಬಹಳ.

ಮನೆಯ ಮಾತ್ರೆ ಡಬ್ಬಿ ನೋಡಿ

ಹೆಚ್ಚು ತಪ್ಪಿಹೋಗುವುದು ಇದೇ. ಎಂಆರ್‌ಐಗೆ ಸಾವಿರಾರು ರೂಪಾಯಿ ಖರ್ಚು ಮಾಡುವ ಮುಂಚೆ, ಕಳೆದ ಒಂದು ತಿಂಗಳಲ್ಲಿ ನುಂಗಿದ ಪ್ರತಿಯೊಂದು ಮಾತ್ರೆಯ ಸ್ಟ್ರಿಪ್ಪನ್ನೂ ಮೇಜಿನ ಮೇಲಿಡಿ. ‘ಗ್ಯಾಸಿನ ಮಾತ್ರೆ ತಾನೇ’ ಎಂದು ಬಿಡಬೇಡಿ, ಮೊದಲ ಅನುಮಾನ ಅದರ ಮೇಲೆಯೇ. ಪ್ಯಾಂಟೊಪ್ರಜೋಲ್, ರೆಬೆಪ್ರಜೋಲ್ ಜೊತೆ ಬೆರೆಸಿ ಮಾರುವ ಡೊಂಪೆರಿಡೋನ್ ಮತ್ತು ಲೆವೊಸಲ್ಪಿರೈಡ್ ಎರಡೂ ಡೋಪಮಿನ್‌ಗೆ ಅಡ್ಡಗಾಲು. ಮಾತ್ರೆಯ ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಇದ್ದರೆ ಸಾಮಾನ್ಯವಾಗಿ ಡೊಂಪೆರಿಡೋನ್ ಇರುತ್ತದೆ. ‘ಎಲ್’ ಇದ್ದರೆ ಹಲವು ಸಲ ಲೆವೊಸಲ್ಪಿರೈಡ್. ಹೆಸರು ನಂಬದೆ ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಘಟಕಗಳನ್ನು ಓದಿ. ಡೊಂಪೆರಿಡೋನ್ ಮೆದುಳಿನೊಳಗೆ ಅಷ್ಟಾಗಿ ಇಳಿಯುವುದಿಲ್ಲ ಎಂಬುದು ನಿಜ. ಆದರೆ ಮೆದುಳನ್ನು ಕಾಯುವ ರಕ್ತದ ತಡೆಗೋಡೆಯ ಹೊರಗೆ ಪಿಟ್ಯುಟರಿ ಇದೆ, ಅಲ್ಲಿಗೆ ಅದು ಸರಾಗವಾಗಿ ತಲುಪುತ್ತದೆ.

ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಅಮಿಸಲ್ಪ್ರೈಡ್, ಹ್ಯಾಲೊಪೆರಿಡಾಲ್, ಬಿಪಿಗೆ ಕೊಡುವ ವೆರಪಮಿಲ್, ಮೀಥೈಲ್‌ಡೋಪಾ, ಅಫೀಮಿನ ಜಾತಿಯ ನೋವುನಿವಾರಕಗಳು ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಗ್ಯಾಸಿನ ಮಾತ್ರೆಯಾದರೆ ಡಾಕ್ಟರಿಗೆ ಹೇಳಿ ನಿಲ್ಲಿಸಿ, ಮೂರು ದಿನ ಬಿಟ್ಟು ಮತ್ತೆ ರಕ್ತ ಪರೀಕ್ಷಿಸಿದರೆ ಉತ್ತರ ಸಿಗುತ್ತದೆ. ಮಾನಸಿಕ ಕಾಯಿಲೆಯ ಮಾತ್ರೆಯನ್ನು ಮಾತ್ರ ಎಂದೂ ನೀವಾಗಿ ನಿಲ್ಲಿಸಬೇಡಿ. ಅದನ್ನು ಬದಲಿಸಲು, ಅಥವಾ ಪ್ರೊಲ್ಯಾಕ್ಟಿನ್ ಏರಿಸದ ಅರಿಪಿಪ್ರಜೋಲ್ ಸೇರಿಸಲು ಮನೋವೈದ್ಯರಿಗೆ ದಾರಿಯಿದೆ. ಅವರಿಗೆ ತಿಳಿಸದೆ ಕ್ಯಾಬರ್ಗೊಲಿನ್ ಶುರುಮಾಡುವುದೂ ಅಪಾಯ, ಅದು ಡೋಪಮಿನ್ ಕೆಲಸವನ್ನು ಹೆಚ್ಚಿಸಿ ಮನೋವಿಕಾರವನ್ನು ಕೆರಳಿಸಬಹುದು.

ಮಾತ್ರೆ ಕಾರಣವಲ್ಲದಿದ್ದರೆ ಟಿಎಸ್‌ಎಚ್, ಕಿಡ್ನಿಯ ಕ್ರಿಯಾಟಿನಿನ್, ಲಿವರ್ ಪರೀಕ್ಷೆ ನೋಡಬೇಕು. ಥೈರಾಯ್ಡ್ ಕುಂದಿದಾಗ ಅದನ್ನು ಎಬ್ಬಿಸಲು ಹೈಪೋಥಲಮಸ್ ಕಳಿಸುವ ಟಿಆರ್‌ಎಚ್ ಎಂಬ ಹಾರ್ಮೋನು ಪ್ರೊಲ್ಯಾಕ್ಟಿನ್‌ಅನ್ನೂ ಎಬ್ಬಿಸುತ್ತದೆ. ಬಹುಕಾಲ ಚಿಕಿತ್ಸೆ ಇಲ್ಲದೆ ಉಳಿದವರಲ್ಲಿ ಪಿಟ್ಯುಟರಿಯೇ ಊದಿಕೊಂಡು ಎಂಆರ್‌ಐಯಲ್ಲಿ ಗಡ್ಡೆಯಂತೆ ಕಾಣುವುದುಂಟು; ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಕೊಟ್ಟರೆ ಪ್ರೊಲ್ಯಾಕ್ಟಿನೂ ಇಳಿಯುತ್ತದೆ, ಊತವೂ ಇಳಿಯುತ್ತದೆ. ಕಿಡ್ನಿ ವಿಫಲವಾದವರಲ್ಲಿ, ಎದೆಯ ಮೇಲೆ ಸರ್ಪಸುತ್ತು, ಸುಟ್ಟಗಾಯ, ಶಸ್ತ್ರಚಿಕಿತ್ಸೆ ಆದವರಲ್ಲಿ, ಈಗಷ್ಟೇ ಫಿಟ್ಸ್ ಬಂದವರಲ್ಲಿಯೂ ಏರುತ್ತದೆ.

ಅಂಕಿ ಮೋಸ ಮಾಡುವ ಎರಡು ಬಗೆ

ಪ್ರೊಲ್ಯಾಕ್ಟಿನ್ 80 ಇದೆ, ಆದರೆ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆ, ಹಾಲೂ ಒಸರುತ್ತಿಲ್ಲ. ಆಗ ‘ಮ್ಯಾಕ್ರೊಪ್ರೊಲ್ಯಾಕ್ಟಿನ್’ ಪರೀಕ್ಷೆ ಕೇಳಿ. ಕೆಲವರ ರಕ್ತದಲ್ಲಿ ಈ ಹಾರ್ಮೋನು ಪ್ರತಿಕಾಯಗಳಿಗೆ ಅಂಟಿಕೊಂಡು ದೊಡ್ಡ ಕಣವಾಗಿರುತ್ತದೆ. ಯಂತ್ರ ಅದನ್ನೂ ಎಣಿಸುತ್ತದೆ, ದೇಹದಲ್ಲಿ ಮಾತ್ರ ಅದಕ್ಕೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಲ್ಯಾಬಿನವರು ಪಿಇಜಿ ಎಂಬ ದ್ರಾವಣ ಹಾಕಿ ಆ ದೊಡ್ಡ ಕಣಗಳನ್ನು ತಳಕ್ಕೆ ಇಳಿಸಿ, ಉಳಿದದ್ದನ್ನು ಅಳೆಯುತ್ತಾರೆ. ಉಳಿದದ್ದು ಮೊದಲಿನ ಶೇ. 40ಕ್ಕಿಂತ ಕಡಿಮೆ ಇದ್ದು, ಆ ಅಂಕಿ ಸಾಮಾನ್ಯ ಮಿತಿಯೊಳಗಿದ್ದರೆ ಮಾತ್ರೆಯೂ ಬೇಡ, ಎಂಆರ್‌ಐಯೂ ಬೇಡ.

ಇನ್ನೊಂದು ಇದಕ್ಕೆ ತಿರುವುಮುರುವು. ಎಂಆರ್‌ಐಯಲ್ಲಿ ಮೂರು ಸೆಂಟಿಮೀಟರ್ ಗಡ್ಡೆ ಇದೆ, ಪ್ರೊಲ್ಯಾಕ್ಟಿನ್ ನೋಡಿದರೆ ಬರೀ 60. ಹಾರ್ಮೋನು ವಿಪರೀತ ಇದ್ದಾಗ ಯಂತ್ರದ ಪ್ರತಿಕಾಯಗಳು ತುಂಬಿಹೋಗಿ ಕೆಲವೊಮ್ಮೆ ಅಂಕಿ ಕಡಿಮೆ ತೋರುತ್ತದೆ. ರಕ್ತವನ್ನು ನೂರು ಪಟ್ಟು ತೆಳುಮಾಡಿ ಮತ್ತೆ ಅಳೆಯಲು ಹೇಳಬೇಕು. ಆಗ ಸಾವಿರಗಳಲ್ಲಿ ಬಂದರೆ ಅದು ಮಾತ್ರೆಗೆ ಕರಗುವ ಪ್ರೊಲ್ಯಾಕ್ಟಿನ್ ಗಡ್ಡೆ. 60 ಹಾಗೇ ನಿಂತರೆ, ಬೇರೆ ಜಾತಿಯ ಗಡ್ಡೆ ಪಿಟ್ಯುಟರಿಯ ತೊಟ್ಟನ್ನು ಒತ್ತಿ ಡೋಪಮಿನ್ ದಾರಿ ಮುಚ್ಚಿದೆ ಎಂದರ್ಥ. ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಹೆಚ್ಚಾಗಿ ಆಪರೇಷನ್. ಈ ಒಂದು ಪರೀಕ್ಷೆ ಬಿಟ್ಟುಹೋದರೆ ಬೇಡದ ಆಪರೇಷನ್ ಆಗಿಬಿಡಬಹುದು.

ಸಾಮಾನ್ಯವಾಗಿ 200 ದಾಟಿದರೆ ಪ್ರೊಲ್ಯಾಕ್ಟಿನ್ ಗಡ್ಡೆಯ ಅನುಮಾನ ಬಲವಾಗುತ್ತದೆ, 500 ದಾಟಿದರೆ ದೊಡ್ಡ ಗಡ್ಡೆ ಎಂದೇ ಲೆಕ್ಕ. ರಿಸ್ಪೆರಿಡೋನ್, ಮೆಟೊಕ್ಲೊಪ್ರಮೈಡ್‌ಗಳು ಮಾತ್ರ ಗಡ್ಡೆ ಇಲ್ಲದೆಯೂ 200 ದಾಟಿಸಬಲ್ಲವು. ಕಾರಣ ಸಿಗದೆ ಏರಿಕೆ ಉಳಿದರೆ ಪಿಟ್ಯುಟರಿಗೆಂದೇ ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಎಂಆರ್‌ಐ ಮಾಡಿಸಿ. ಮಾಮೂಲಿ ಮೆದುಳಿನ ಎಂಆರ್‌ಐಯಲ್ಲಿ ಮೂರು ನಾಲ್ಕು ಮಿ.ಮೀ. ಗಡ್ಡೆ ತಪ್ಪಿಹೋಗುತ್ತದೆ. 10 ಮಿ.ಮೀ.ಗಿಂತ ಚಿಕ್ಕದು ಸಣ್ಣ ಗಡ್ಡೆ. ಇವು ಬಹುತೇಕ ಕ್ಯಾನ್ಸರ್ ಅಲ್ಲ. ದೊಡ್ಡ ಗಡ್ಡೆ ದೃಷ್ಟಿನರವನ್ನು ಮುಟ್ಟುತ್ತಿದ್ದರೆ ಕಣ್ಣಿನ ವಿಭಾಗದಲ್ಲಿ ದೃಷ್ಟಿಯ ಹರವು ಅಳೆಸಬೇಕು. ನೇರ ನೋಟ ಚೆನ್ನಾಗಿದ್ದು ಎರಡೂ ಬದಿಯ ನೋಟ ಮಾತ್ರ ಮಬ್ಬಾಗುವುದು ಇದರ ಗುರುತು.

ಕ್ಯಾಬರ್ಗೊಲಿನ್ ನುಂಗುವ ರೀತಿ

ಸಣ್ಣ ಗಡ್ಡೆ ಇದ್ದೂ ಮುಟ್ಟು ಸರಿಯಾಗಿದ್ದು ಮಗುವಿನ ಯೋಚನೆ ಇಲ್ಲದವರಿಗೆ ಬರೀ ನಿಗಾ ಸಾಕಾಗಬಹುದು. ಮದ್ದು ಬೇಕಾದವರಿಗೆ ಮೊದಲ ಆಯ್ಕೆ ಕ್ಯಾಬರ್ಗೊಲಿನ್. ಕಣ್ಣಿಗೆ ಒತ್ತುತ್ತಿರುವ ದೊಡ್ಡ ಪ್ರೊಲ್ಯಾಕ್ಟಿನ್ ಗಡ್ಡೆಗೂ ಸಾಮಾನ್ಯವಾಗಿ ಮಾತ್ರೆಯೇ ಮೊದಲು.

ಇದು ದಿನಾ ನುಂಗುವ ಮಾತ್ರೆಯಲ್ಲ. 0.25 ಮಿ.ಗ್ರಾಂ ವಾರಕ್ಕೆ ಒಂದು ಅಥವಾ ಎರಡು ಸಲ ಎಂದು ಶುರುಮಾಡಿ, ನಾಲ್ಕು ವಾರದ ಮೇಲೆ ರಕ್ತ ನೋಡಿ, ಬೇಕಿದ್ದರೆ ಡಾಕ್ಟರು ಏರಿಸುತ್ತಾರೆ. ಸೋಮವಾರ, ಗುರುವಾರ ಎಂದು ವಾರ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನಾ ನುಂಗಿ ತಲೆಸುತ್ತಿ ಬೀಳುವವರೂ ಇದ್ದಾರೆ. ರಾತ್ರಿ ಊಟದ ಜೊತೆ ನುಂಗಿ ಮಲಗಿದರೆ ವಾಕರಿಕೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ದಡಬಡಿಸಿ ಏಳದೆ ಮಂಚದ ಅಂಚಿನಲ್ಲಿ ಕುಳಿತು ನಿಧಾನವಾಗಿ ಏಳಿ. ಮರೆತರೆ ಎರಡು ಸೇರಿಸಿ ನುಂಗಬೇಡಿ. ಬ್ರೋಮೊಕ್ರಿಪ್ಟಿನ್ ಇದಕ್ಕಿಂತ ಅಗ್ಗ, ಆದರೆ ದಿನಾ ಬೇಕು, ವಾಕರಿಕೆಯೂ ಹೆಚ್ಚು. ರಾತ್ರಿ 1.25 ಮಿ.ಗ್ರಾಂನಿಂದ ಶುರುಮಾಡುತ್ತಾರೆ.

ಮನೆಯವರಿಗೆ ಒಂದು ವಿಷಯ ಗೊತ್ತಿರಬೇಕು. ಕೆಲವರಲ್ಲಿ ಈ ಮಾತ್ರೆಗಳಿಂದ ಜೂಜು, ಆನ್‌ಲೈನ್ ಖರೀದಿ, ಕಾಮಾಸಕ್ತಿ ಹತೋಟಿ ಮೀರುತ್ತವೆ. ಅದು ನಡತೆಯ ದೋಷವಲ್ಲ, ಮಾತ್ರೆಯ ಅಡ್ಡಪರಿಣಾಮ. ಕೂಡಲೇ ಡಾಕ್ಟರಿಗೆ ಹೇಳಿ. ವಾರಕ್ಕೆ 2 ಮಿ.ಗ್ರಾಂ ಮೀರಿದರೆ ಹೃದಯದ ಕವಾಟ ನೋಡಲು ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು. ದೊಡ್ಡ ಗಡ್ಡೆ ಬೇಗ ಕುಗ್ಗುವಾಗ ಮೂಗಿನಿಂದ ತಿಳಿನೀರು ಸುರಿದರೆ ನೆಗಡಿ ಎಂದು ಬಿಡದೆ ಅಂದೇ ತೋರಿಸಿ, ಮೆದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ದಿಢೀರ್ ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಒಟ್ಟಿಗೆ ಬಂದರೆ ಗಡ್ಡೆಯೊಳಗೆ ರಕ್ತಸ್ರಾವವಾಗಿರಬಹುದು, ನೇರ ತುರ್ತು ವಿಭಾಗಕ್ಕೆ ಹೋಗಿ. ಕನಿಷ್ಠ ಎರಡು ವರ್ಷ ಪ್ರೊಲ್ಯಾಕ್ಟಿನ್ ಸಾಮಾನ್ಯವಾಗಿದ್ದು ಎಂಆರ್‌ಐಯಲ್ಲಿ ಗಡ್ಡೆ ಕಾಣದಿದ್ದರೆ ನಿಧಾನಕ್ಕೆ ನಿಲ್ಲಿಸಿ ನೋಡಬಹುದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬಿಡಬೇಡಿ.

ಬಸಿರು, ಬಾಣಂತನ

ಮಾತ್ರೆ ಕೆಲಸ ಮಾಡತೊಡಗಿದರೆ ಮುಟ್ಟು ಮರಳುವ ಮೊದಲೇ ಅಂಡ ಬಿಡುಗಡೆಯಾಗಬಹುದು. ಮಗು ಈಗ ಬೇಡ ಎನ್ನುವವರು ಮೊದಲ ದಿನದಿಂದಲೇ ಕಾಂಡೋಮ್ ಬಳಸಲಿ. ಬಸಿರು ಖಚಿತವಾದ ಕೂಡಲೇ ಡಾಕ್ಟರಿಗೆ ತಿಳಿಸಿ. ಸಣ್ಣ ಗಡ್ಡೆಯಾದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುತ್ತಾರೆ. ದೊಡ್ಡದಾದರೆ ಬಸಿರಿನಲ್ಲಿ ಬೆಳೆಯುವ ಸಂಭವ ಹೆಚ್ಚು, ಮಾತ್ರೆ ಮುಂದುವರಿಸುವ ತೀರ್ಮಾನ ಡಾಕ್ಟರದು. ಬಸಿರಿನಲ್ಲಿ ಪ್ರೊಲ್ಯಾಕ್ಟಿನ್ ಅಳೆದು ಪ್ರಯೋಜನವಿಲ್ಲ, ತಲೆನೋವು ಮತ್ತು ದೃಷ್ಟಿಯನ್ನು ಗಮನಿಸಬೇಕು. ಗಡ್ಡೆ ಇದ್ದವರೂ ಸಾಮಾನ್ಯವಾಗಿ ಹಾಲೂಡಿಸಬಹುದು.

ಹಾಲೂಡಿಸುವಾಗ ಪ್ರೊಲ್ಯಾಕ್ಟಿನ್ ಏರಿಸುವುದು ಮಗುವಿನ ಚೀಪುವಿಕೆ, ಅದರಲ್ಲೂ ರಾತ್ರಿಯದು. ಬಾಣಂತಿಗೆ ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿ ಕೊಡಲಿ, ತಪ್ಪಿಲ್ಲ. ಆದರೆ ರಾತ್ರಿ ಬಾಟಲಿ ಕೊಟ್ಟು ತಾಯಿಯನ್ನು ಮಲಗಿಸುವ ಮನೆಯಲ್ಲಿ ಹಾಲು ಕಡಿಮೆಯಾದರೆ ಸಬ್ಬಸಿಗೆಯಿಂದ ಅದು ತುಂಬುವುದಿಲ್ಲ. ‘ಹಾಲೂಡಿಸುವಾಗ ಬಸಿರಾಗುವುದಿಲ್ಲ’ ಎಂಬುದಕ್ಕೆ ಮೂರು ಷರತ್ತುಗಳಿವೆ: ಹೆರಿಗೆಯಾಗಿ ಆರು ತಿಂಗಳೊಳಗಿರಬೇಕು, ಮುಟ್ಟು ಮರಳಿರಬಾರದು, ಮಗುವಿಗೆ ಹಗಲೂ ರಾತ್ರಿ ಮೊಲೆಹಾಲೇ ಆಹಾರವಾಗಿರಬೇಕು. ಮೂರೂ ಇದ್ದರೆ ರಕ್ಷಣೆ ಶೇ. 98ರಷ್ಟು. ಒಂದು ತಪ್ಪಿದರೂ ಬೇರೆ ಉಪಾಯ ಬೇಕು.

ಪ್ರೊಲ್ಯಾಕ್ಟಿನ್ ತೀರಾ ಕಡಿಮೆಯಾಗುವುದು ಅಪರೂಪ, ಆದರೆ ಅದನ್ನು ತಪ್ಪಿಸಿಕೊಂಡರೆ ಜೀವಕ್ಕೆ ಕುತ್ತು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿಗೆ ರಕ್ತ ಸಾಲದೆ ಅದು ಸತ್ತುಹೋಗುವುದನ್ನು ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದರು. ಮೊದಲ ಸುಳಿವು ಹಾಲು ಇಳಿಯದಿರುವುದು. ಆಮೇಲೆ ಮುಟ್ಟು ಮರಳುವುದಿಲ್ಲ, ಕಂಕುಳ ಕೂದಲು ಉದುರುತ್ತದೆ, ನಿತ್ರಾಣ, ಲೋ ಬಿಪಿ ಕಾಡುತ್ತವೆ. ವರ್ಷಗಳ ಕಾಲ ‘ಬಾಣಂತನ ಸರಿಯಾಗಲಿಲ್ಲ’ ಎಂದೇ ಕೈಬಿಟ್ಟಿರುತ್ತಾರೆ. ಇವರಿಗೆ ಬೆಳಗಿನ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನು) ಮತ್ತು ಫ್ರೀ ಟಿ4 (ಥೈರಾಯ್ಡ್ ಹಾರ್ಮೋನು) ಪರೀಕ್ಷೆ ಬೇಕು. ಪಿಟ್ಯುಟರಿಯೇ ಕೆಟ್ಟಿರುವುದರಿಂದ ಟಿಎಸ್‌ಎಚ್ ಸಾಮಾನ್ಯದಂತೆ ಕಾಣಬಹುದು, ಅದೊಂದನ್ನೇ ನಂಬಬಾರದು. ಕಾರ್ಟಿಸಾಲ್, ಫ್ರೀ ಟಿ4 ಎರಡೂ ಕಡಿಮೆ ಇದ್ದರೆ ಮೊದಲು ಕಾರ್ಟಿಸಾಲ್ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪಿ ಥೈರಾಕ್ಸಿನ್ ಮೊದಲು ಕೊಟ್ಟರೆ ಇದ್ದಬದ್ದ ಕಾರ್ಟಿಸಾಲೂ ಬೇಗ ಖರ್ಚಾಗಿ ರೋಗಿ ಕುಸಿದುಬೀಳಬಹುದು.